ದಾನದ ಪ್ರಚಾರಕ್ಕೆ ಲೆಕ್ಕಪತ್ರವೇ ಆಧಾರ

ಬ್ಲಾಕ್‌ಚೈನ್ ಎಂದೊಡನೆ ಬಹುತೇಕ ವರ್ತಕರಿಗೆ ನೆನಪಾಗುವುದು ಬಿಟ್‌ಕಾಯಿನ್ ಮತ್ತು ಅದರ ಬೆಲೆಯ ಏರಿಳಿತ. ಆದರೆ ಈ ತಂತ್ರಜ್ಞಾನದ ಸುತ್ತ ರೂಪುಗೊಂಡಿರುವ ಸಮುದಾಯಗಳು ಆರೋಗ್ಯ, ಶಿಕ್ಷಣ ಹಾಗೂ ಪರಿಹಾರ ಕಾರ್ಯಗಳಿಗೂ ಗಣನೀಯ ಮೊತ್ತವನ್ನು ನೀಡುತ್ತಿವೆ. ಯುನಿಸೆಫ್ ಸಂಸ್ಥೆಯು 2019ರಲ್ಲಿಯೇ ಕ್ರಿಪ್ಟೊ ನಿಧಿಯನ್ನು ಆರಂಭಿಸಿತು. ಇಂತಹ ನೆರವಿನ ಯೋಜನೆಗಳನ್ನು ಸಮಾಜಕ್ಕೆ ಪರಿಚಯಿಸಿ, ವಿಶ್ವಾಸ ಗಳಿಸುವ ಬಗೆ ಯಾವುದು ಎಂಬುದು ಈಗ ವಿಚಾರಾರ್ಹ ಪ್ರಶ್ನೆ.

ಭಾರತದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ, 2021ರ ಏಪ್ರಿಲ್‌ನಲ್ಲಿ, ಪಾಲಿಗಾನ್ ಸಂಸ್ಥೆಯ ಸಹಸಂಸ್ಥಾಪಕ ಸಂದೀಪ್ ನೈಲ್ವಾಲ್ ಅವರು ಕ್ರಿಪ್ಟೊ ರಿಲೀಫ್ ನಿಧಿಯನ್ನು ಸ್ಥಾಪಿಸಿದರು. ಮರುತಿಂಗಳು ಎಥೀರಿಯಂ ಜಾಲದ ಸಂಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರು ಶಿಬಾ ಇನು ಟೋಕನ್‌ಗಳನ್ನು ಅದಕ್ಕೆ ದಾನವಾಗಿತ್ತರು. ಅಂದಿನ ದರದಲ್ಲಿ ಅವುಗಳ ಮೌಲ್ಯ ಸುಮಾರು 100 ಕೋಟಿ ಡಾಲರ್. ಈ ಅಂಕಿ ಜಗತ್ತಿನಾದ್ಯಂತ ಸುದ್ದಿಯಾಯಿತು.

ದಾಸ್ತಾನಿನ ಪಟ್ಟಿ ಬೆಲೆ ಬೇರೆ, ಮಾರಾಟವಾದಾಗ ಕೈಗೆ ಬರುವ ಹಣ ಬೇರೆ ಎಂಬುದು ವರ್ತಕರಿಗೆ ತಿಳಿಯದ ವಿಷಯವಲ್ಲ. ಟೋಕನ್‌ನ ಬೆಲೆ ಕುಸಿಯಿತು. ಕೈಗೆ ಬಂದ ಹಣ ಸುದ್ದಿಯಾದ ಮೊತ್ತಕ್ಕಿಂತ ಬಹಳ ಕಡಿಮೆಯಾಯಿತು. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ಮಾಡಲಾದ ತಿದ್ದುಪಡಿಯು ಇಂತಹ ದೇಣಿಗೆಯನ್ನು ಒಂದು ಸಂಸ್ಥೆ ಮತ್ತೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿದ್ದರಿಂದ, ವಿತರಣೆಯಲ್ಲಿ ಎಚ್ಚರಿಕೆ ಅನಿವಾರ್ಯವಾಗಿತ್ತು. ಸಿರಿಂಜ್‌ಗಳ ಖರೀದಿಗಾಗಿ ಯುನಿಸೆಫ್‌ಗೆ 1.5 ಕೋಟಿ ಡಾಲರ್ ನೀಡಿದಂತಹ ಉಪಯುಕ್ತ ಕಾರ್ಯಗಳು ನಡೆದರೂ, ವಿನಿಯೋಗ ನಿಧಾನವೆಂಬ ಟೀಕೆ ಕೇಳಿಬಂದಿತು. 2022ರಲ್ಲಿ 10 ಕೋಟಿ ಡಾಲರ್‌ಗಳನ್ನು ಇತರ ಕೋವಿಡ್ ಕಾರ್ಯಗಳಿಗಾಗಿ ಬುಟೆರಿನ್ ಅವರಿಗೇ ಹಿಂದಿರುಗಿಸಲಾಯಿತು. ದಾನದ ಘೋಷಣೆಗೆ ದೊರೆತ ಪ್ರಚಾರ ಈ ನಂತರದ ಬೆಳವಣಿಗೆಗಳಿಗೆ ದೊರೆಯಲಿಲ್ಲ.

ಬ್ಲಾಕ್‌ಚೈನ್‌ನಲ್ಲಿ ಪ್ರತಿಯೊಂದು ವರ್ಗಾವಣೆಯೂ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಬೇರೆ ಲೆಕ್ಕ ಬೇಕಿಲ್ಲ ಎಂಬ ವಾದವಿದೆ. ಈ ವಾದ ಅರ್ಧ ಸತ್ಯ. ಟೋಕನ್ ರೂಪಾಯಿಯಾಗಿ ಬ್ಯಾಂಕ್ ಖಾತೆಗೆ ಬಂದ ಕ್ಷಣದಿಂದ ಆ ಲೆಡ್ಜರ್ ಮೌನ ವಹಿಸುತ್ತದೆ. ಆಸ್ಪತ್ರೆಗೆ ಯಂತ್ರ ತಲುಪಿತೇ, ವರ್ಷದ ನಂತರವೂ ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದು ಹೇಳಲಾರದು. ಅದು ವೋಚರುಗಳಿಲ್ಲದ ನಗದು ಪುಸ್ತಕದಂತೆ.

ಆದುದರಿಂದ ಈ ಸಮುದಾಯಗಳ ಪ್ರಚಾರ ಕಾರ್ಯ ಕೆಲವು ಶಿಸ್ತುಗಳನ್ನು ಅನುಸರಿಸುವುದು ಲೇಸು. ಮೊದಲನೆಯದಾಗಿ, ಟೋಕನ್‌ನ ಅಂದಿನ ಮೌಲ್ಯದ ಬದಲು ಮಾರಾಟದಿಂದ ಬಂದ ಹಣ, ಖರ್ಚು ಮತ್ತು ಶಿಲ್ಕನ್ನು ಪ್ರತಿ ಯೋಜನೆಗೂ ಒಂದೇ ಪುಟದಲ್ಲಿ ಪ್ರಕಟಿಸಬೇಕು. ಎರಡನೆಯದಾಗಿ, ಈ ವಿವರ ಫಲಾನುಭವಿಗಳ ಭಾಷೆಯಲ್ಲಿಯೂ ಇರಬೇಕು. ಲೆಕ್ಕ ತಪ್ಪಿದ್ದರೆ ಮೊದಲು ಗುರುತಿಸಬಲ್ಲವರು ಅವರೇ. ಮೂರನೆಯದಾಗಿ, ಫಲಿತಾಂಶವನ್ನು ಯೋಜನೆಗೆ ಸಂಬಂಧಿಸದ ಪರಿಶೋಧಕರು ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕು. ನಾಲ್ಕನೆಯದಾಗಿ, ವಿಫಲವಾದ ಯೋಜನೆಗಳನ್ನೂ ಮುಚ್ಚಿಡದೆ ತಿಳಿಸಬೇಕು.

ಇಷ್ಟೆಲ್ಲ ವರದಿಯ ಹೊರೆಯನ್ನು ಸಣ್ಣ ಸೇವಾ ಸಂಸ್ಥೆಗಳು ಹೊರಲಾರವು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದರ ವೆಚ್ಚವನ್ನು ಅನುದಾನದ ಜೊತೆಯಲ್ಲಿಯೇ ದಾನಿ ಸಮುದಾಯ ಭರಿಸುವುದು ಸೂಕ್ತ. ಸರ್ಕಾರವೂ ಸಾಮಾಜಿಕ ಹೊಣೆಗಾರಿಕೆ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಲ್ಲಿ, ದೊಡ್ಡ ಕಂಪನಿಗಳ 1 ಕೋಟಿ ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚಿನ ಯೋಜನೆಗಳಿಗೆ ಸ್ವತಂತ್ರ ಪರಿಣಾಮ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿ, ಅದರ ವೆಚ್ಚವನ್ನು ಮಿತಿಗೊಳಪಟ್ಟು ಆ ಬಾಬಿಗೇ ಸೇರಿಸಲು ಅವಕಾಶ ನೀಡಿದೆ.

ಶಾಲೆಗೆ ಕೊಠಡಿ, ಆಸ್ಪತ್ರೆಗೆ ಹಾಸಿಗೆ ನೀಡುವ ವರ್ತಕ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. ಉದ್ಘಾಟನೆಯ ಭಾವಚಿತ್ರ ಒಂದು ದಿನದ ಸುದ್ದಿ. ವರ್ಷದ ನಂತರವೂ ತೋರಿಸಬಹುದಾದ ಲೆಕ್ಕವೇ ಮುಂದಿನ ದಾನಿಯನ್ನು ಕರೆತರುತ್ತದೆ.