ಯಂತ್ರದ ಮುಂದೆ ನಿಲ್ಲುವ ಬಗೆ

ಒಳ್ಳೆಯ ಕ್ಷ-ಕಿರಣ ಯಂತ್ರವೊಂದು ಆಸ್ಪತ್ರೆಗೆ ಬಂದರೆ ಸಾಕು, ದೇಹದೊಳಗೆ ಅಡಗಿದ ರೋಗವು ತಾನಾಗಿಯೇ ಬಯಲಾಗುವುದೆಂದು ಬಹುಮಂದಿ ನಂಬಿದ್ದಾರೆ. ಈ ನಂಬಿಕೆ ಅರ್ಧಸತ್ಯವಷ್ಟೆ. ಯಂತ್ರವು ತನ್ನ ಮುಂದಿಟ್ಟುದನ್ನು ಮಾತ್ರ ಕಾಣಬಲ್ಲುದು. ಅಂಚಿನಾಚೆ ಉಳಿದುದು ಅದರ ಪಾಲಿಗೆ ಇಲ್ಲವೇ ಇಲ್ಲ. ಸ್ತನದ ಕ್ಯಾನ್ಸರನ್ನು ಪತ್ತೆಮಾಡುವ ಕ್ಷ-ಕಿರಣ ಚಿತ್ರ, ಎಂದರೆ ಮ್ಯಾಮೊಗ್ರಾಮ್, ಇದಕ್ಕೆ ತಕ್ಕ ನಿದರ್ಶನ.

ಸ್ತನವು ಮೂಳೆಯಂತೆ ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುವ ಅಂಗವಲ್ಲ. ಅದು ಬಾಗಿದ ಪಕ್ಕೆಲುಬುಗಳ ಮೇಲೆ ಹರಡಿಕೊಂಡು, ಮೇಲಿನ ಹೊರಭಾಗದಲ್ಲಿ ಕಂಕುಳಿನವರೆಗೂ ಚಾಚಿದೆ. ಕ್ಯಾನ್ಸರು ಹೆಚ್ಚಾಗಿ ತಲೆದೋರುವುದೂ ಆ ಮೇಲಿನ ಹೊರಭಾಗದಲ್ಲಿಯೇ. ಆದುದರಿಂದ ಪ್ರತಿಯೊಂದು ಸ್ತನಕ್ಕೂ ಎರಡು ಚಿತ್ರಗಳನ್ನು ತೆಗೆಯುವುದು ವಾಡಿಕೆ: ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಓರೆಯಾಗಿ. ಓರೆಚಿತ್ರಕ್ಕಾಗಿ ಯಂತ್ರದ ಫಲಕವನ್ನು ಎದೆಯ ಸ್ನಾಯುವಿನ ಎಳೆಗಳಿಗೆ ಸಮಾಂತರವಾಗಿ ವಾಲಿಸಿ, ಸ್ತನವನ್ನು ಎತ್ತಿ ಮುಂದಕ್ಕೆಳೆದು, ಎರಡು ಫಲಕಗಳ ನಡುವೆ ಅದುಮಬೇಕು. ಅದುಮಿದಾಗ ಒಂದರ ಮೇಲೊಂದು ಬಿದ್ದ ಪದರಗಳು ಬೇರ್ಪಡುತ್ತವೆ, ಅಲುಗಾಟ ತಪ್ಪುತ್ತದೆ, ಕಡಿಮೆ ಕಿರಣವೇ ಸಾಕಾಗುತ್ತದೆ. ಹೀಗೆ ಅದುಮುವುದರ ಮಹತ್ವವನ್ನು 1950ರ ಸುಮಾರಿನಲ್ಲಿ ಒತ್ತಿ ಹೇಳಿದವರಲ್ಲಿ ಯುರುಗ್ವೆ ದೇಶದ ವೈದ್ಯ ರೌಲ್ ಲೆಬೋರ್ನ್ ಪ್ರಮುಖರು.

ಚಿತ್ರ ಸರಿಯಾಗಿದೆಯೆಂದು ಅರಿಯಲು ವೈದ್ಯರಲ್ಲಿ ಸರಳವಾದ ಅಳತೆಗೋಲುಗಳಿವೆ. ಓರೆಚಿತ್ರದಲ್ಲಿ ಎದೆಯ ಸ್ನಾಯು ಮೊಲೆತೊಟ್ಟಿನ ಮಟ್ಟದವರೆಗೂ ಇಳಿದು ಕಾಣಬೇಕು. ತೊಟ್ಟಿನಿಂದ ಹಿಂಬದಿಗಿರುವ ಆಳ ಎರಡು ಚಿತ್ರಗಳಲ್ಲಿಯೂ 1 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ಇದು ಬರಿಯ ಅಚ್ಚುಕಟ್ಟಿನ ಮಾತೇ? ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಿ. ಭಂಗಿ ಸರಿಯಾಗಿದ್ದ ಚಿತ್ರಗಳು ನೂರು ಕ್ಯಾನ್ಸರುಗಳಲ್ಲಿ ಸುಮಾರು 84ನ್ನು ಹಿಡಿದುಕೊಟ್ಟರೆ, ಭಂಗಿ ತಪ್ಪಿದ ಚಿತ್ರಗಳು ಹಿಡಿದುದು ಸುಮಾರು 66 ಮಾತ್ರ. ಎಂದರೆ, ರೋಗವಿರುವ ನೂರು ಮಂದಿಯಲ್ಲಿ ಇನ್ನೂ ಹದಿನೆಂಟು ಮಂದಿ ತಮಗೇನೂ ಇಲ್ಲವೆಂಬ ನೆಮ್ಮದಿಯಿಂದ ಮನೆಗೆ ಮರಳುತ್ತಾರೆ!

ಬೇರೆ ವಿಧಾನಗಳಲ್ಲಿಯೂ ಭಂಗಿಯ ಪ್ರಭಾವ ಕಡಿಮೆಯೇನಲ್ಲ. ಅಲ್ಟ್ರಾಸೌಂಡ್ ಪರೀಕ್ಷೆಗೆ ರೋಗಿ ಅಂಗಾತ ಮಲಗಿ ತೋಳನ್ನು ತಲೆಯ ಮೇಲಕ್ಕೆತ್ತುತ್ತಾಳೆ. ಎಂ.ಆರ್.ಐ. ಪರೀಕ್ಷೆಗೆ ಬೋರಲು ಮಲಗುತ್ತಾಳೆ. ಆಗ ಸ್ತನಗಳು ಭೂಮಿಯ ಆಕರ್ಷಣೆಗೆ ಕೆಳಕ್ಕೆ ತೂಗುತ್ತವೆ. ಶಸ್ತ್ರವೈದ್ಯರ ಮುಂದೆಯಾದರೋ ಆಕೆ ಮತ್ತೆ ಅಂಗಾತವಾಗಿದ್ದಾಳೆ. ಇಷ್ಟರಲ್ಲಿ ಅದೇ ಗಂಟು ಕೆಲವು ಸೆಂಟಿಮೀಟರುಗಳಷ್ಟು ಸ್ಥಳಾಂತರ ಹೊಂದಿರುವುದುಂಟು. ಯಾವ ಚಿತ್ರ ಯಾವ ಭಂಗಿಯದೆಂಬುದನ್ನು ಮರೆತರೆ, ಕಂಡ ಗಂಟೂ ಕೈಗೆ ಸಿಗದೆ ಹೋದೀತು.

ಚಿತ್ರಗಳನ್ನು ಓದುವ ಗಣಕಯಂತ್ರಗಳು ಬಂದಿರುವಾಗ ಈ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ಚಿತ್ರದೊಳಕ್ಕೆ ಬಾರದ ಭಾಗವನ್ನು ಎಂಥ ಗಣಕವೂ ಓದಲಾರದೆಂಬುದೇ ಅದಕ್ಕೆ ಉತ್ತರ. ಹೆದರಿದ ಹೆಂಗಸಿನ ಭುಜ ಬಿಗಿಯುತ್ತದೆ; ಭುಜ ಬಿಗಿದರೆ ಎದೆಯ ಸ್ನಾಯುವೂ ಬಿಗಿಯುತ್ತದೆ; ಆಳದ ಭಾಗ ಹಿಂದೆಯೇ ಉಳಿಯುತ್ತದೆ. ಅದುಮುವಾಗ ಕೆಲವು ಕ್ಷಣ ನೋವಾದೀತೆಂದು ಮೊದಲೇ ತಿಳಿಸಿ, ಧೈರ್ಯ ಹೇಳಿ, ಭುಜವನ್ನು ಸಡಿಲಗೊಳಿಸುವ ತಂತ್ರಜ್ಞೆಯ ಮೃದುಮಾತು ಈ ಕಾರಣದಿಂದ ವಿಜ್ಞಾನದ ಒಂದು ಅಂಗವೇ ಆಗಿದೆ. ಬೆನ್ನು ಬಾಗಿದ ಮುದುಕಿಗೂ ಗಾಲಿಕುರ್ಚಿಯಲ್ಲಿ ಕುಳಿತವಳಿಗೂ ಇನ್ನಷ್ಟು ತಾಳ್ಮೆ, ಇನ್ನಷ್ಟು ವೇಳೆ ಬೇಕು.

ಆದುದರಿಂದ ಯಂತ್ರಕ್ಕೆ ಹಣ ಸುರಿಯುವವರು ಅದನ್ನು ನಡೆಸುವವರ ಶಿಕ್ಷಣಕ್ಕೂ, ಒಬ್ಬೊಬ್ಬ ರೋಗಿಗೆ ಸಲ್ಲಬೇಕಾದ ವೇಳೆಗೂ ಹಣವನ್ನು ತೆಗೆದಿಡತಕ್ಕದ್ದು. ಈ ವಿದ್ಯೆಯನ್ನು ಕಲಿಯಬಯಸುವ ವಿದ್ಯಾರ್ಥಿಗಳೂ ಇದನ್ನು ಗುಂಡಿಯೊತ್ತುವ ಕೆಲಸವೆಂದು ಕೀಳಾಗಿ ಕಾಣಬಾರದು. ಆಸ್ಪತ್ರೆಯಲ್ಲಿ ಎಂಥ ಯಂತ್ರವಿದೆಯೆಂದು ಕೇಳುವ ನಾವು, ಅದರ ಪಕ್ಕದಲ್ಲಿ ನಿಲ್ಲುವವರು ಎಷ್ಟು ಕಲಿತಿದ್ದಾರೆಂದೂ ಕೇಳುವುದನ್ನು ರೂಢಿಮಾಡಿಕೊಳ್ಳಬೇಕು.