ಬೈಲಾ ಇಲ್ಲದ ಸದಸ್ಯತ್ವ

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಹತ್ತಿರ ಬಂತೆಂದರೆ ಪ್ರತ್ಯೇಕ ಉತ್ತರ ಕರ್ನಾಟಕದ ಮಾತಿಗೆ ಮತ್ತೆ ಜೀವ ಬರುತ್ತದೆ. ಉಮೇಶ ಕತ್ತಿಯವರು ಸಚಿವರಾಗಿದ್ದುಕೊಂಡೇ ಅದನ್ನು ಆಡುತ್ತಿದ್ದರು. 2018ರ ಬಜೆಟ್ಟಿನಲ್ಲಿ ಅನ್ಯಾಯವಾಯಿತೆಂದು ಆ ವರ್ಷ ಆಗಸ್ಟ್ 2ಕ್ಕೆ ಬಂದ್ ಕರೆ ಹೊರಟಿತು. ಜನ ಅಷ್ಟಾಗಿ ಕಿವಿಗೊಡಲಿಲ್ಲ, ಅಂಗಡಿಗಳು ತೆರೆದೇ ಇದ್ದವು. ಇಷ್ಟಾದರೂ ಮಾತು ಸಾಯುವುದಿಲ್ಲ. ಅದು ಎದ್ದಾಗಲೆಲ್ಲ ಒಂದು ಕಡೆಯವರು ನಾಡದ್ರೋಹ ಎನ್ನುತ್ತಾರೆ, ಇನ್ನೊಂದು ಕಡೆಯವರು ಸ್ವಾಭಿಮಾನ ಎನ್ನುತ್ತಾರೆ. ಈ ಎರಡು ಕೂಗುಗಳ ನಡುವೆ ಒಂದು ಸಾದಾ ಪ್ರಶ್ನೆ ಯಾರ ಬಾಯಿಗೂ ಬರದೆ ಉಳಿಯುತ್ತದೆ. ದೊಡ್ಡದೊಂದು ನಾಡಿನೊಳಗೆ ಸೇರಿಕೊಂಡ ಪ್ರದೇಶ, ಎಷ್ಟೋ ವರ್ಷಗಳ ಮೇಲೆ, ತಾನು ಸೇರಿದ ಷರತ್ತುಗಳನ್ನು ಮತ್ತೆ ಚರ್ಚೆಗೆ ಇಡಬಹುದೇ? ಇಡುವುದಾದರೆ ಬಿಟ್ಟು ಹೋಗುತ್ತೇವೆಂದು ಬೆದರಿಸಿಯೇ ಇಡಬೇಕೇ?

ಈ ಪ್ರಶ್ನೆಯನ್ನು ಕೇಳಲು ಗದಗ ಜಿಲ್ಲೆಗಿಂತ ಯೋಗ್ಯ ಜಾಗ ಸಿಗುವುದು ಕಷ್ಟ. ಹುಲಕೋಟಿ, ಗದಗ, ಬೆಟಗೇರಿ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜಿಗೆ. ಮುಂಡರಗಿ ದಾಟಿ ಮೂಡಣಕ್ಕೆ ಕಾಲಿಟ್ಟರೆ ನಿಜಾಮನ ಸೀಮೆ. ಒಂದು ಜಿಲ್ಲೆಯ ಅಳತೆಯ ನೆಲದಲ್ಲಿ ಇಷ್ಟು ಆಳ್ವಿಕೆಗಳು. 1948ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದವು, 1956ರ ನವೆಂಬರ್ 1ಕ್ಕೆ ಎಲ್ಲರೂ ವಿಶಾಲ ಮೈಸೂರಿಗೆ ಬಂದರು, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಈ ಯಾವ ಸಲವೂ ಮತಪೆಟ್ಟಿಗೆ ಇಟ್ಟು ‘ನಿಮಗೆ ಒಪ್ಪಿಗೆಯೇ?’ ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ಕೇಳಿದ್ದರೂ 1956ರಲ್ಲಿ ಇಲ್ಲಿನ ಉತ್ತರ ಒಂದೇ ಆಗಿರುತ್ತಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ನಾಡಗೀತೆ ಬರೆದ ಹುಯಿಲಗೋಳ ನಾರಾಯಣರಾಯರು ಗದುಗಿನವರು. ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಮುಂಬಯಿ ಶಾಸನಸಭೆಯ ಸ್ಥಾನವನ್ನೇ ಬಿಟ್ಟು ಬಂದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು 23 ದಿನ ಉಪವಾಸ ಮಾಡಿದಾಗ ಹುಬ್ಬಳ್ಳಿ ಹೊತ್ತಿ ಉರಿಯಿತು. ಅದೇ ಹೊತ್ತಿಗೆ ಹಳೆಯ ಮೈಸೂರಿನಲ್ಲಿ ನಡೆಯುತ್ತಿದ್ದ ಚರ್ಚೆಯ ಧಾಟಿ ಬೇರೆಯಿತ್ತು. ಅವರ ಬಳಿ ಶಿವನಸಮುದ್ರದ ವಿದ್ಯುತ್ತು, ಕೃಷ್ಣರಾಜಸಾಗರದ ನೀರು, ಭದ್ರಾವತಿಯ ಕಬ್ಬಿಣ, ಸ್ವಂತದ ವಿಶ್ವವಿದ್ಯಾಲಯ ಇದ್ದವು. ಬಡ ಸೀಮೆಗಳನ್ನು ಕಟ್ಟಿಕೊಂಡರೆ ತಮ್ಮ ಬೊಕ್ಕಸ ಬರಿದಾಗುತ್ತದೆಂಬ ಅಳುಕನ್ನು ಅಲ್ಲಿನ ಅನೇಕ ನಾಯಕರು ಬಾಯಿಬಿಟ್ಟೇ ಹೇಳಿದರು. ಏಕೀಕರಣಕ್ಕೆ ಬೆನ್ನುಕೊಟ್ಟ ಕೆಂಗಲ್ ಹನುಮಂತಯ್ಯನವರು ರಾಜ್ಯ ಒಂದಾಗುವ ಮೊದಲೇ ಮುಖ್ಯಮಂತ್ರಿ ಗಾದಿ ಕಳೆದುಕೊಂಡರು.

ಮೈಸೂರಿನವರು ಲೆಕ್ಕ ಹಾಕುತ್ತಿದ್ದಾಗ ನಮ್ಮವರು ಉಪವಾಸ ಕೂತಿದ್ದರು. ಮರಾಠಿ ಕಚೇರಿಯಲ್ಲಿ ಕನ್ನಡದ ಅರ್ಜಿ ಹಿಡಿದು ನಿಂತವರಿಗೆ ಆ ಹಂಬಲ ಅನ್ನದಷ್ಟೇ ಸಹಜವಾಗಿತ್ತು, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅಷ್ಟು ಹಂಬಲದಿಂದ ಸೇರುವವನು ಷರತ್ತು ಕೇಳುವುದಿಲ್ಲ. ನೀರಾವರಿಯಲ್ಲಿ, ನೌಕರಿಯಲ್ಲಿ, ಕಾಲೇಜಿನಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಯಾರೂ ಕಾಗದಕ್ಕೆ ಇಳಿಸಲಿಲ್ಲ.

ಅದೇ ಕಾಲದಲ್ಲಿ ಬೇರೆಯವರು ಇಳಿಸಿದ್ದರು. 1953ರ ನಾಗಪುರ ಒಪ್ಪಂದದಲ್ಲಿ ವಿದರ್ಭದವರು ವರ್ಷಕ್ಕೊಮ್ಮೆ ನಾಗಪುರದಲ್ಲಿ ಅಧಿವೇಶನ ನಡೆಸಬೇಕೆಂದು ಬರೆಸಿಕೊಂಡರು. ತೆಲಂಗಾಣದ ನಾಯಕರು ಆಂಧ್ರದವರೊಡನೆ 1956ರ ಫೆಬ್ರುವರಿಯಲ್ಲಿ ‘ಸಜ್ಜನರ ಒಪ್ಪಂದ’ ಮಾಡಿಕೊಂಡರು. ಆ ಒಪ್ಪಂದ ಮುರಿಯಿತು ನಿಜ. ಮುರಿದರೂ ಬರಹ ಕೈಯಲ್ಲಿತ್ತು. ‘ಇಂಥ ಮಾತು ಕೊಟ್ಟಿದ್ದಿರಿ, ಇಂಥಲ್ಲಿ ತಪ್ಪಿದಿರಿ’ ಎಂದು ಬೆರಳಿಟ್ಟು ತೋರಿಸಲು 1969ರ ತೆಲಂಗಾಣ ಚಳವಳಿಗೆ ಸಾಧ್ಯವಾಯಿತು. 1973ರಲ್ಲಿ ಸಂವಿಧಾನಕ್ಕೆ 371ಡಿ ಕಲಮು ಬಂದದ್ದು ಆ ಗದ್ದಲದ ಫಲ. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವೇ ಆಯಿತು. ನಮ್ಮ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಹಾಗಾಗಿ ನಮ್ಮ ದೂರು ಯಾವಾಗಲೂ ಭಾವನೆಯ ದೂರಾಗಿ, ‘ಮಲತಾಯಿ ಧೋರಣೆ’ ಎಂಬ ಸವೆದ ಮಾತಾಗಿ ಹೊರಬೀಳುತ್ತದೆ.

ಇದು ನನಗೆ ವಿಚಿತ್ರವೆನಿಸುತ್ತದೆ, ಯಾಕೆಂದರೆ ಸದಸ್ಯತ್ವವೆಂದರೇನು ಎಂದು ದೇಶಕ್ಕೆ ಕಲಿಸಿದ್ದು ಇದೇ ಗದಗ ತಾಲ್ಲೂಕು. ಹುಲಕೋಟಿಗೆ ದೂರವಲ್ಲದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮುಂದೆ ಹುಲಕೋಟಿಯ ಹುಲಿ ಎಂದೇ ಹೆಸರಾದ ಕೆ.ಎಚ್. ಪಾಟೀಲರು ಅದೇ ದಾರಿಯಲ್ಲಿ ಸಹಕಾರಿ ನೂಲಿನ ಗಿರಣಿಯವರೆಗೂ ಹೋದರು. ಇಲ್ಲಿನ ಸಣ್ಣ ರೈತನಿಗೂ ಸಂಘದ ರೀತಿ ಗೊತ್ತು. ಶೇರು ಕೊಳ್ಳುವ ಮೊದಲು ಬೈಲಾ ಇರುತ್ತದೆ. ವರ್ಷಕ್ಕೊಮ್ಮೆ ಮಹಾಸಭೆ ಕೂಡುತ್ತದೆ, ಅಢಾವೆ ಪತ್ರಿಕೆ ಓದುತ್ತಾರೆ, ಸಾಲ ಯಾರಿಗೆ ಹೋಯಿತು, ಯಾಕೆ ಹೋಯಿತು ಎಂದು ಎದ್ದು ನಿಂತು ಕೇಳಬಹುದು. ಹಾಗೆ ಕೇಳಿದವನಿಗೆ ಸಂಘದ ದ್ರೋಹಿ ಎನ್ನುವುದಿಲ್ಲ. ಬೈಲಾ ತಿದ್ದಬೇಕೆಂದವನು ಶೇರು ವಾಪಸು ಕೊಡುತ್ತೇನೆಂದು ಹೆದರಿಸಬೇಕಾಗಿಯೂ ಇಲ್ಲ. ನಾಡಿನ ಮಟ್ಟಕ್ಕೆ ಬಂದೊಡನೆ ನಾವು ಈ ತಿಳಿವಳಿಕೆಯನ್ನೆಲ್ಲ ಮರೆಯುತ್ತೇವೆ.

ಕರ್ನಾಟಕದೊಳಗೆ ಬೈಲಾ ತಿದ್ದಿಸಿಕೊಂಡವರೂ ಇದ್ದಾರೆ. ನಿಜಾಮನ ಸೀಮೆಯಾಗಿದ್ದ ಹೈದರಾಬಾದ್ ಕರ್ನಾಟಕದವರು ಆಂಧ್ರ ಪ್ರದೇಶಕ್ಕೆ ಸಿಕ್ಕ 371ಡಿಯನ್ನು ಮುಂದಿಟ್ಟು, ಅಂಥದೇ ಕಲಮು ಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರೆ ಮಲ್ಲಿಕಾರ್ಜುನ ಖರ್ಗೆಯವರು ದೆಹಲಿಯಲ್ಲಿ ದಾರಿ ಮಾಡಿದರು. 2012ರ ಕೊನೆಗೆ ಸಂಸತ್ತು 371ಜೆ ಕಲಮನ್ನು ಒಪ್ಪಿತು. ಅಭಿವೃದ್ಧಿ ಮಂಡಳಿ, ಆ ಭಾಗದ ಉನ್ನತ ಶಿಕ್ಷಣದ ಸೀಟುಗಳಲ್ಲಿ ಶೇ. 70 ಮೀಸಲು, ನೌಕರಿಯಲ್ಲಿ ಸ್ಥಳೀಯರಿಗೆ ಪಾಲು, ಇವೆಲ್ಲ ಈಗ ಬರಹದಲ್ಲಿವೆ. ಖರ್ಚಾಗದೆ ಉಳಿದ ಹಣ, ಭರ್ತಿಯಾಗದ ಹುದ್ದೆಗಳ ದೂರು ಅಲ್ಲಿಯೂ ತಪ್ಪಿಲ್ಲ. ಆದರೆ ಅದು ಕಲಮಿನ ಹೆಸರು ಹಿಡಿದು ಹೇಳುವ ದೂರು.

ಮುಂಡರಗಿಯ ಜನಕ್ಕೆ ಈ ಕಲಮು ಎಳೆದ ಗೆರೆ ಚೆನ್ನಾಗಿ ಗೊತ್ತು. ನಿಜಾಮನ ವಿರುದ್ಧದ ಹೋರಾಟದಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಗಡಿ ದಾಟಿ ಬಂದು ಶಿಬಿರ ಹೂಡಿದ್ದು ಮುಂಡರಗಿಯಲ್ಲಿ. ಅಂದು ಈ ಊರು ಆಸರೆ ಕೊಟ್ಟಿತು. ಇಂದು ಅಳವಂಡಿಯ ಹುಡುಗಿಗೆ ವೈದ್ಯಕೀಯ ಸೀಟಿನಲ್ಲಿ 371ಜೆ ಪ್ರಮಾಣಪತ್ರ ಕೆಲಸಕ್ಕೆ ಬರುತ್ತದೆ, ಮುಂಡರಗಿಯ ಹುಡುಗಿಗೆ ಬರುವುದಿಲ್ಲ. ಇಬ್ಬರ ಹೊಲವೂ ಅದೇ ಎರೆ, ಇಬ್ಬರ ಅಪ್ಪಂದಿರೂ ಅದೇ ಮಳೆಗೆ ಮುಗಿಲು ನೋಡುವವರು. ಹಾಗೆಂದು ನಮಗೂ 371ಜೆ ಬೇಕೆಂದು ಕೂಗುವುದು ಸರಿಯೆನಿಸುವುದಿಲ್ಲ. ನಿಜಾಮನ ಕಾಲದಲ್ಲಿ ಕನ್ನಡ ಶಾಲೆಗೂ ಗತಿಯಿಲ್ಲದೆ ಹಿಂದೆ ಬಿದ್ದ ಸೀಮೆಯ ತಟ್ಟೆಗೆ ಕೈ ಹಾಕಿದಂತಾಗುತ್ತದೆ. ನಮ್ಮ ಬೇಡಿಕೆ ಬೇರೆಯಿರಬೇಕು, ಅದಕ್ಕೆ ಆಧಾರವೂ ಸಿದ್ಧವಿದೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿ ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ ನೋಡಿತು. 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಉತ್ತರವೆಲ್ಲ ಬಡವ, ದಕ್ಷಿಣವೆಲ್ಲ ಸಾಹುಕಾರ ಎಂಬ ಭಾಷಣ ಇಲ್ಲಿಗೆ ನಿಲ್ಲಬೇಕಿತ್ತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದಲ್ಲಿವೆ ಎಂಬುದೂ ಅದೇ ವರದಿಯಲ್ಲಿದೆ. ಉತ್ತರಕ್ಕೆ ಅನ್ಯಾಯವಾಗಿಲ್ಲ ಎನ್ನುವವರ ಮಾತೂ ಇಲ್ಲಿಗೆ ನಿಲ್ಲಬೇಕು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಹೇಳಿತು. ಮುಂದೆ ಬಜೆಟ್ಟಿನಲ್ಲಿ ವಿಶೇಷ ಅಭಿವೃದ್ಧಿ ಯೋಜನೆ ಎಂಬ ತಲೆಬರಹ ಬಂತು, ಹಣವೂ ಬಂತು. ಕೊಡಲೇಬೇಕೆಂಬ ಕಾನೂನು ಮಾತ್ರ ಬರಲಿಲ್ಲ. ಆಮೇಲೆ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯೂ ಆಯಿತು. ವರದಿಗಳ ಬಡತನ ಕರ್ನಾಟಕವನ್ನು ಎಂದೂ ಕಾಡಿಲ್ಲ.

ಇನ್ನು ಬಿಟ್ಟು ಹೋಗುವ ಮಾತು. ಸಣ್ಣ ರಾಜ್ಯವಾದರೆ ಸರ್ಕಾರ ಹತ್ತಿರ ಬರುತ್ತದೆ, ಬೀದರಿನವನು ಒಂದು ಸಹಿಗಾಗಿ ರಾತ್ರಿಯಿಡೀ ಬೆಂಗಳೂರಿಗೆ ಪ್ರಯಾಣ ಮಾಡಬೇಕಿಲ್ಲ ಎಂಬ ವಾದದಲ್ಲಿ ಸತ್ವವಿದೆ. ಅದನ್ನು ತಳ್ಳಿಹಾಕುವವರು ಆ ಪ್ರಯಾಣ ಮಾಡಿದವರಲ್ಲ. ಆದರೆ ಸಂವಿಧಾನದ 3ನೇ ಕಲಮಿನ ಪ್ರಕಾರ ರಾಜ್ಯ ಒಡೆಯುವ ಅಧಿಕಾರ ಸಂಸತ್ತಿನದು. ಆಂಧ್ರದ ವಿಧಾನಸಭೆ ಬೇಡವೆಂದು ನಿರ್ಣಯಿಸಿದ ಮೇಲೂ ತೆಲಂಗಾಣ ಆಯಿತು. ಅಂದರೆ ಬೆಳಗಾವಿಯ ಶಾಸಕ ಆಡುವ ಬೆದರಿಕೆಯ ಕೀಲಿಕೈ ಅವನ ಜೇಬಿನಲ್ಲಿಲ್ಲ. ಅದು ಬೆಂಗಳೂರಿಗೂ ಗೊತ್ತು, ಅವನಿಗೂ ಗೊತ್ತು.

ಒಂದು ವೇಳೆ ಆಯಿತೆಂದೇ ಇಟ್ಟುಕೊಳ್ಳೋಣ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಆ ತೆರಿಗೆಯಲ್ಲಿ ನಮಗಿರುವ ಹಕ್ಕನ್ನು ನಾವೇ ಬಿಟ್ಟುಕೊಟ್ಟು ಹೊರಡಬೇಕು. ಮಹದಾಯಿ ನದಿಯ ನೀರಿನ ವಿಷಯ ತೆಗೆದುಕೊಳ್ಳಿ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದ್ದು 3.9. ವರ್ಷಗಟ್ಟಲೆ ನರಗುಂದದಲ್ಲಿ ರೈತರು ಧರಣಿ ಕೂತರೂ ಆ ನೀರು ಇನ್ನೂ ಹರಿದಿಲ್ಲ. 28 ಸಂಸದರ ರಾಜ್ಯಕ್ಕೇ ಬಗ್ಗದ ದೆಹಲಿ ಅದರ ಅರ್ಧ ಬಲದ ಹೊಸ ರಾಜ್ಯಕ್ಕೆ ಬಗ್ಗುತ್ತದೆಯೇ? ಇನ್ನು ರಾಜಧಾನಿ ಹುಬ್ಬಳ್ಳಿಯೋ ಬೆಳಗಾವಿಯೋ ಕಲಬುರಗಿಯೋ ಎಂಬ ಜಗಳಕ್ಕೆ ಮೊದಲ ಹತ್ತು ವರ್ಷ ಸಾಲದು.

ಬಿಡುತ್ತೇವೆ ಎಂಬ ಮಾತಿನ ದೊಡ್ಡ ಕೆಡುಕು ಇದ್ಯಾವುದೂ ಅಲ್ಲ. ಆ ಮಾತು ಬಂದೊಡನೆ ಚರ್ಚೆಯೆಲ್ಲ ಬಿಡಬೇಕೋ ಬೇಡವೋ ಎಂಬುದರ ಸುತ್ತ ಸುತ್ತಿ, ಷರತ್ತುಗಳು ಮೂಲೆಗೆ ಬೀಳುತ್ತವೆ. ಬ್ರಿಟನ್ನಿನಲ್ಲಿ ಆದದ್ದು ಅದೇ. 1973ರಲ್ಲಿ ಯುರೋಪಿನ ಸಮುದಾಯ ಸೇರಿದ ಆ ದೇಶ ಮರುವರ್ಷವೇ ಷರತ್ತುಗಳ ಮರುಮಾತುಕತೆಗೆ ಕೂತಿತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ತಂದ ಬದಲಾವಣೆಯನ್ನು 1975ರ ಜನಮತದಲ್ಲಿ ಶೇ. 67 ಜನ ಒಪ್ಪಿದರು. 2016ರ ಫೆಬ್ರುವರಿಯಲ್ಲಿ ಡೇವಿಡ್ ಕ್ಯಾಮರಾನ್ ಮತ್ತೊಮ್ಮೆ ಅಂಥ ಒಪ್ಪಂದ ತಂದರು. ಜೂನ್ ತಿಂಗಳ ಜನಮತದ ಹೊತ್ತಿಗೆ ಅದರಲ್ಲಿ ಏನಿತ್ತೆಂದು ಮಾತಾಡುವವರೇ ಇರಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ ಎಂದು ಕೆಂಪು ಬಸ್ಸಿನ ಮೇಲೆ ಬರೆದ ಅಂಕಿ ಊರೂರು ತಿರುಗಿತು. ಆ ಹಣದಲ್ಲಿ ವಾಪಸು ಬರುತ್ತಿದ್ದದ್ದೆಷ್ಟು ಎಂಬುದನ್ನು ಬಸ್ಸಿನ ಮೇಲೆ ಯಾರೂ ಬರೆಯಲಿಲ್ಲ. ಶೇ. 51.9 ಜನ ಬಿಡೋಣ ಎಂದರು, ಹೊರಬರಲು ಮೂರೂವರೆ ವರ್ಷ ಹಿಡಿಯಿತು.

ನಮ್ಮಲ್ಲೂ ಒಂದು ಬಸ್ಸು ತಿರುಗುತ್ತಿದೆ, ಅದು ಬೆಂಗಳೂರಿನಿಂದ ದೆಹಲಿಗೆ ಹೋಗುವ ಬಸ್ಸು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಮೊಳಗಿತು. 15ನೇ ಹಣಕಾಸು ಆಯೋಗ ರಾಜ್ಯದ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿದ್ದು ನೋವಿನ ಸಂಗತಿ, ದೂರು ನ್ಯಾಯದ್ದೇ. ಆದರೆ ಉತ್ತರ ಕರ್ನಾಟಕದವನು ಈ ಘೋಷಣೆಯನ್ನು ಕೂಗುವ ಮೊದಲು ಕ್ಷಣ ಯೋಚಿಸಬೇಕು. ಕಟ್ಟಿದವನಿಗೇ ಹಣ ವಾಪಸು ಹೋಗಬೇಕೆಂಬುದು ನಿಯಮವಾದರೆ ಬೆಂಗಳೂರಿನವನೂ ಅದನ್ನೇ ಹೇಳಬಹುದು, ಆಗ ಶಿರಹಟ್ಟಿಯ ರಸ್ತೆಗೆ ಡಾಂಬರು ಬೀಳುವುದಿಲ್ಲ. ದೆಹಲಿಯಲ್ಲಿ ದುಡಿಮೆಯ ತತ್ವ, ಬೆಳಗಾವಿಯಲ್ಲಿ ಕೊರತೆಯ ತತ್ವ, ಎರಡನ್ನೂ ಒಂದೇ ಬಾಯಿಂದ ಆಡಲು ಬರುವುದಿಲ್ಲ. ಎರಡೂ ಕಡೆ ಸಲ್ಲುವ ಮಾತು ಒಂದಿದೆ: ಹಂಚುವ ಸೂತ್ರ ಬರಹದಲ್ಲಿರಲಿ, ಎಲ್ಲರಿಗೂ ಕಾಣಲಿ, ನಡುವೆ ಬದಲಿಸುವುದಾದರೆ ಕಾರಣ ಹೇಳಲಿ.

ಈ ಸೀಮೆ ಗೆದ್ದದ್ದೆಲ್ಲ ಹೀಗೆ ಹೆಸರಿಟ್ಟು ಕೇಳಿದ ಬೇಡಿಕೆಗಳನ್ನೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಹುಬ್ಬಳ್ಳಿಗೆ ಬಂತು. ವಕೀಲರ ದೀರ್ಘ ಹೋರಾಟದ ಮೇಲೆ 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟಿನ ಸಂಚಾರಿ ಪೀಠಗಳು ಬಂದು, 2013ರಲ್ಲಿ ಕಾಯಂ ಆದವು. ಹೆಸರಿಲ್ಲದ ಸಿಟ್ಟಿಗೆ ಸಿಕ್ಕಿದ್ದು 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ಸೌಧ. ಭವ್ಯ ಕಟ್ಟಡ, ವರ್ಷದಲ್ಲಿ ಹೆಚ್ಚಿನ ದಿನ ಖಾಲಿ.

ಆದ್ದರಿಂದ ಕಿತ್ತೂರು ಕರ್ನಾಟಕದ, ಅಂದರೆ ಹಳೆಯ ಮುಂಬಯಿ ಪ್ರಾಂತದಿಂದ ಬಂದ ನಮ್ಮ ಭಾಗದ, ಶಾಸಕರು ಕೇಳಬೇಕಾದ್ದು ಒಂದು ಕಾಯ್ದೆ. ತಾಲ್ಲೂಕನ್ನು ಘಟಕವಾಗಿಟ್ಟು, ಹಿಂದುಳಿದಿರುವಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಬಜೆಟ್ಟಿನ ಗೊತ್ತಾದ ಪಾಲು ಸಿಗಬೇಕು. ಎಷ್ಟು ಕೊಟ್ಟಿರಿ, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಪ್ರತಿವರ್ಷ ಬೆಳಗಾವಿ ಅಧಿವೇಶನದ ಮೊದಲ ದಿನವೇ ಸದನದಲ್ಲಿಡಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ದೆಹಲಿಗೆ ಹೋಗಬೇಕಿಲ್ಲ, ವಿಧಾನಸಭೆಯ ಸಾಮಾನ್ಯ ಬಹುಮತ ಸಾಕು. ದಕ್ಷಿಣದ ಆ 55 ತಾಲ್ಲೂಕುಗಳ ಶಾಸಕರಿಗೂ ಇದರಲ್ಲಿ ಲಾಭವಿರುವುದರಿಂದ ಬೆಂಬಲ ಸಿಗದಿರಲು ಕಾರಣವೂ ಇಲ್ಲ. ಮುಂದಿನ ಸಲ ನಿಮ್ಮ ಶಾಸಕರು ವೇದಿಕೆ ಹತ್ತಿ ಪ್ರತ್ಯೇಕ ರಾಜ್ಯದ ಮಾತೆತ್ತಿದರೆ, ಇಂಥದೊಂದು ಖಾಸಗಿ ಮಸೂದೆಯನ್ನು ಸದನದಲ್ಲಿ ಯಾಕೆ ಮಂಡಿಸಲಿಲ್ಲವೆಂದು ಅಲ್ಲೇ ಎದ್ದು ನಿಂತು ಕೇಳಿ.