ಎಷ್ಟು ಕುದುರೆ?

ನನ್ನ ಮಗಳು ಮನೆಯ ಗ್ಯಾರೇಜಿನಲ್ಲಿ ತಾನೇ ಒಂದು ಕಾರು ಕಟ್ಟುತ್ತಿದ್ದಾಳೆ ಎಂದು ತಿಳಿದಾಗ ಗಂಡಸರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹಾರ್ಸ್‌ಪವರ್?" ಇಂಗ್ಲೆಂಡಿನ ನಮ್ಮ ಊರಿನಲ್ಲಿ ಯುಗಾದಿ ಊಟಕ್ಕೆ ಸೇರಿದ್ದ ಕನ್ನಡದವರೂ ಇದನ್ನೇ ಕೇಳಿದರು, ಪಕ್ಕದ ಮನೆಯ ಇಂಗ್ಲಿಷ್ ಮುದುಕನೂ ಇದನ್ನೇ ಕೇಳಿದ. ಬ್ರೇಕು ಯಾವುದು, ಉರುಳಿದರೆ ತಲೆ ಕಾಯಲು ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ನಾನು "130" ಎಂದಾಗ ಮುಖಗಳು ಸಪ್ಪಗಾದವು. ಯಜಮಾನರ ಸ್ನೇಹಿತರೊಬ್ಬರು ಹೋಳಿಗೆ ಮುರಿಯುತ್ತಾ, "ಇಷ್ಟೆಲ್ಲ ಕಷ್ಟಪಟ್ಟು 130 ಕುದುರೆಯೇ ಅತ್ತಿಗೆ? ಒಂದು ವಿ-8 ಹಾಕಿಸಿ. ಹೋಗಲಿ ಬಿಡಿ, ಇದೆಲ್ಲ ನಿಮಗೆ ತಿಳಿಯುವುದಲ್ಲ" ಎಂದರು.

ತಿಳಿಯುತ್ತದೆ. ಅವರಿಗಿಂತ ಚೆನ್ನಾಗಿಯೇ ತಿಳಿಯುತ್ತದೆ. ಅದನ್ನು ಹೇಳಲೆಂದೇ ಈ ಬರಹ.

ಮನೆಯಲ್ಲಿ ಕಾರು ಕಟ್ಟುವುದೆಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಇದು ಇಂಗ್ಲೆಂಡಿನ ಹಳೆಯ ಹುಚ್ಚು. 1957ರಲ್ಲಿ ಕಾಲಿನ್ ಚಾಪ್‌ಮನ್ ಎಂಬಾತ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ತಂದ. ಬಾಗಿಲಿಲ್ಲ, ಸೂರಿಲ್ಲ, ಉಕ್ಕಿನ ಕೊಳವೆಗಳ ಹಂದರಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿದ ಎರಡು ಸೀಟಿನ ಗಾಡಿ. ಪೂರ್ತಿ ಜೋಡಿಸಿದ ಹೊಸ ಕಾರಿಗೆ ಆಗ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿದರೆ ಇರಲಿಲ್ಲ. ಕಿಟ್ ಕಾರು ಇಲ್ಲಿ ಬೇರೂರಿದ್ದು ಹೀಗೆ. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಲಾಭ ಹೋಯಿತು, ಹುಚ್ಚು ಮಾತ್ರ ಹೋಗಲಿಲ್ಲ. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಉಪಾಧ್ಯಾಯರು 250 ಪೌಂಡಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವ ಬಗೆಗೆ ಪುಸ್ತಕವನ್ನೇ ಬರೆದರು. ಅದನ್ನೋದಿ ವೆಲ್ಡಿಂಗ್ ಕಲಿತವರು ಎಷ್ಟೋ ಜನ.

ನನ್ನ ಮಗಳಿಗೆ ಬೇಕಿದ್ದದ್ದು ರಸ್ತೆಗಿಳಿಯುವ ಕಾರಲ್ಲ. ರೇಸಿನ ಟ್ರ್ಯಾಕುಗಳನ್ನು ಇಲ್ಲಿ ಕೆಲವು ದಿನ ಜನಸಾಮಾನ್ಯರಿಗೂ ಬಿಡುತ್ತಾರೆ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು ನಮ್ಮ ಗಾಡಿಯನ್ನೇ ಓಡಿಸಬಹುದು. ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಅದಕ್ಕೊಂದು ಹಗುರ ಕಾರು ಅವಳ ಆಸೆ. ಅರ್ಧ ಹಣ ಅವಳದು, ಉಳಿದರ್ಧ ನಾನು ಅಂಗಡಿಗಳ ಲೆಕ್ಕ ಬರೆದು ಕೂಡಿಟ್ಟದ್ದು. ಹಣ ಹಾಕಿದ ಮೇಲೆ ಲೆಕ್ಕ ಕೇಳುವ ಹಕ್ಕೂ ನನ್ನದೇ ತಾನೇ? ಹಣಕ್ಕಿಂತ ಮುಖ್ಯವಾಗಿ, ಆ ಸೀಟಿನಲ್ಲಿ ಕೂರುವವಳು ನನ್ನ ಮಗಳು.

ಮೊದಲು ನಾವು ನೋಡಲು ಹೋದದ್ದು ಅರ್ಧಕ್ಕೆ ನಿಂತ ಒಂದು ಕಿಟ್ ಕಾರನ್ನು. ಜಾಹೀರಾತುಗಳಲ್ಲಿ ಇಂಥವು ಯಾವಾಗಲೂ ಇರುತ್ತವೆ. ಬಾಗಿಲು ತೆರೆದದ್ದು ವಯಸ್ಸಾದ ಒಬ್ಬ ಹೆಂಗಸು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಗ್ಯಾರೇಜಿನಲ್ಲಿ ಚಾಸಿಸ್ ತುಕ್ಕು ಹಿಡಿಯುತ್ತಿತ್ತು. ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಒಂದು ವಿ-8 ಎಂಜಿನ್ನು ಕುಳಿತಿತ್ತು. ಅದನ್ನು ತಂದ ದಿನ ಬೀದಿಯ ಗಂಡಸರೆಲ್ಲ ನೋಡಲು ಬಂದಿದ್ದರಂತೆ. ಆಮೇಲೆ ಸ್ಟಿಯರಿಂಗಿನ ದಂಡ ಹೋಗಬೇಕಾದ ಜಾಗದಲ್ಲೇ ಎಕ್ಸಾಸ್ಟ್ ಕೊಳವೆ ಅಡ್ಡ ಬಂತು. ಅದನ್ನು ಸರಿಪಡಿಸಿದರೆ ಗೇರ್‌ಬಾಕ್ಸು ಆ ಬಲವನ್ನು ತಾಳುವುದಿಲ್ಲವೆಂದು ಗೊತ್ತಾಯಿತು. ಗೇರ್‌ಬಾಕ್ಸು ತಂದರೆ ರೇಡಿಯೇಟರು ಸಾಲದಾಯಿತು. "ಹದಿನಾಲ್ಕು ವರ್ಷ ನನ್ನ ಕಾರು ಮಳೆಯಲ್ಲಿ ನಿಂತಿತು, ಇದು ಒಳಗೆ ನಿಂತಿತು" ಎಂದಳು ಆಕೆ. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನ್ನ ಮನಸ್ಸಿಗೆ ನಾಟಿತು. ಆ ಮನುಷ್ಯ ಒಂದು ದಿನವೂ ಆ ಕಾರನ್ನು ಓಡಿಸಲಿಲ್ಲ.

ವಾಪಸು ಬರುವಾಗ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಮ್ಮ, ನಾವು ಓಡಿಸಬೇಕಾದ ಕಾರು ಕಟ್ಟೋಣ, ತೋರಿಸಬೇಕಾದ್ದಲ್ಲ" ಎಂದಳು.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ಮನೆಯ ಓಡಾಟದ ಕಾರಿನ ತೂಕ ಸುಮಾರು 1300 ಕಿಲೋ, ಬಲ 130 ಕುದುರೆ. ಎಂದರೆ ಟನ್ನಿಗೆ 100. ಅದೇ 130 ಕುದುರೆಯನ್ನು 550 ಕಿಲೋ ತೂಗುವ ಪುಟ್ಟ ಗಾಡಿಯಲ್ಲಿಟ್ಟರೆ ಟನ್ನಿಗೆ 236. ಕುದುರೆ ಒಂದೂ ಹೆಚ್ಚಲಿಲ್ಲ, ಎಳೆಯುವ ಶಕ್ತಿ ಮಾತ್ರ ಎರಡು ಪಟ್ಟು ಮೀರಿತು. ಮಿತ ಎಂಜಿನ್ನೂ ಇಲ್ಲಿ ಧಾರಾಳ ಎನ್ನುವುದಕ್ಕೆ ಇದಕ್ಕಿಂತ ಸರಳ ಗಣಿತ ಬೇಕೆ? "ಎಷ್ಟು ಕುದುರೆ" ಎಂದು ಕೇಳುವವರು "ಎಷ್ಟು ಕಿಲೋ" ಎಂದೂ ಕೇಳಲಿ.

ವಿ-8 ಪಕ್ಷದವರದ್ದು ಬರೀ ಬಡಾಯಿ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಬ್ಯೂಯಿಕ್ ಕೈಬಿಟ್ಟಿದ್ದ ವಿನ್ಯಾಸವನ್ನು ಕೊಂಡು ರೋವರ್ ಕಂಪನಿ 1967ರಿಂದ ತನ್ನ ಕಾರುಗಳಲ್ಲಿ ಹಾಕಿದ 3.5 ಲೀಟರಿನ ವಿ-8 ಪೂರಾ ಅಲ್ಯೂಮಿನಿಯಮ್ಮಿನದು. ಗಾತ್ರಕ್ಕೆ ಹೋಲಿಸಿದರೆ ಹಗುರವೇ. ಸದ್ದಂತೂ ಇಂಪು, ಒಪ್ಪಿದೆ. ಆದರೆ ಎಂಜಿನ್ನು ಒಂಟಿಯಾಗಿ ಮನೆಗೆ ಬರುವುದಿಲ್ಲ, ಪರಿವಾರ ಕಟ್ಟಿಕೊಂಡೇ ಬರುತ್ತದೆ. ಗಟ್ಟಿ ಗೇರ್‌ಬಾಕ್ಸು, ಗಟ್ಟಿ ಆಕ್ಸಲ್, ದೊಡ್ಡ ರೇಡಿಯೇಟರು, ಅಗಲದ ಟೈರು, ಹೆಚ್ಚು ಪೆಟ್ರೋಲು. ಆನೆ ಅಗ್ಗಕ್ಕೆ ಸಿಕ್ಕಿತೆಂದು ತಂದವನು ದಿನವೂ ಅದಕ್ಕೆ ಮೇವು ಹಾಕಬೇಕಲ್ಲ!

ಬ್ರೇಕಿನ ಮಾತು ಇನ್ನೂ ಮುಖ್ಯ. ಓಡುವ ಗಾಡಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ನೇರ ದಾರಿಯ ಕೊನೆಗೆ ವೇಗ ಶೇಕಡಾ 20 ಹೆಚ್ಚಾಗಿದ್ದರೆ ಬ್ರೇಕು ನುಂಗಬೇಕಾದ ಶಕ್ತಿ ಶೇಕಡಾ 44 ಹೆಚ್ಚು. ಅದೆಲ್ಲ ಶಾಖವಾಗುತ್ತದೆ. ಶಾಖ ಮಿತಿ ಮೀರಿ ಬ್ರೇಕಿನ ದ್ರವ ಕುದಿಯಿತೋ, ಪೆಡಲು ಒದ್ದೆ ಸ್ಪಂಜು ತುಳಿದ ಹಾಗೆ ಕೆಳಕ್ಕೆ ಹೋಗುತ್ತದೆ. ಎದುರಿಗೆ ತಿರುವು ಇರುತ್ತದೆ. ಆಗ ಕುದುರೆಗಳು ಬಂದು ಕಾಪಾಡುತ್ತವೆಯೇ?

ಇನ್ನೊಂದು ಪಕ್ಷ ಹುಡುಗರದು. ಮಗಳ ಸ್ನೇಹಿತನೊಬ್ಬ ಬಂದು, "ಆಂಟಿ, ಬೈಕಿನ ಎಂಜಿನ್ ಹಾಕಿ" ಎಂದ. ಇವನ ವಾದ ಹೆಚ್ಚು ಜಾಣತನದ್ದು. 1999ರಲ್ಲಿ ಬಂದ ಸುಜುಕಿ ಹಯಬುಸದ 1300 ಸಿಸಿ ಎಂಜಿನ್ನು 170 ಕುದುರೆಗೂ ಮಿಕ್ಕಿ ಕೊಡುತ್ತದೆ, ಗೇರ್‌ಬಾಕ್ಸು ಅದರ ಹೊಟ್ಟೆಯಲ್ಲೇ ಇದೆ, ತೂಕ ಕಡಿಮೆ. ಎಲ್ಲ ನಿಜ. ಆದರೆ ಹಾಲಿನವನನ್ನು ನೆನಪು ಮಾಡಿಕೊಳ್ಳಿ. ಸೈಕಲ್ಲಿಗೆ ಕ್ಯಾನು ತೂಗುಹಾಕಿಕೊಂಡು ಅವನು ಬಾಗಿ ತಿರುವು ತೆಗೆದುಕೊಂಡರೆ, ಹಾಲೂ ಜೊತೆಗೇ ಬಾಗುತ್ತದೆ, ತುಳುಕುವುದಿಲ್ಲ. ಅದೇ ಹಾಲನ್ನು ಪಾತ್ರೆಯಲ್ಲಿ ಆಟೋದ ನೆಲದ ಮೇಲಿಟ್ಟು ತಿರುಗಿಸಿ ನೋಡಿ! ಬೈಕಿನ ಎಂಜಿನ್ನು ಬಾಗುವ ಗಾಡಿಗೆಂದು ಹುಟ್ಟಿದ್ದು. ಬಾಗದ ಕಾರಿನಲ್ಲಿಟ್ಟರೆ ತಿರುವಿನಲ್ಲಿ ತಳದ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಓಡುತ್ತದೆ, ಹೀರುವ ಕೊಳವೆ ಗಾಳಿ ಹೀರುತ್ತದೆ, ಬೇರಿಂಗುಗಳು ಒಣಗಿ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಎಣ್ಣೆಯ ತೊಟ್ಟಿಯೊಳಗೆ ಅಡ್ಡತಡೆ ಹಾಕಬೇಕು, ಇಲ್ಲವೇ ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪಿನಿಂದ ಹರಿಸಬೇಕು. ರಿವರ್ಸ್ ಗೇರೂ ಇಲ್ಲ. ಬಲ್ಲವರಿಗೆ ಇದು ಒಳ್ಳೆಯ ಎಂಜಿನ್ನೇ, ಮೊದಲ ಸಲ ಕಟ್ಟುವವರಿಗಲ್ಲ.

ನಮ್ಮೂರಿನ ಬಾವಿಗೆ ಒಂದು ಎಚ್‌ಪಿ ಪಂಪು ಸಾಕೆಂದು ಮೆಕ್ಯಾನಿಕ್ ಹೇಳಿದರೂ ನಮ್ಮ ಚಿಕ್ಕಪ್ಪ ಪಕ್ಕದ ಮನೆಯವರದು ಎರಡು ಎಂಬ ಕಾರಣಕ್ಕೆ ಮೂರರದ್ದು ತಂದಿದ್ದರು. ಬಾವಿಯಲ್ಲಿ ನೀರು ಊರುವುದಕ್ಕಿಂತ ಬೇಗ ಅದು ಎಳೆದುಬಿಡುತ್ತಿತ್ತು. ಒಂದು ದಿನ ಒಣ ಬಾವಿಯಲ್ಲಿ ಓಡಿ ಸುಟ್ಟಿತು. ಬೇಸಿಗೆಯೆಲ್ಲ ಕೊಡ ಹೊತ್ತವರು ನಾನು, ಅಮ್ಮ, ಚಿಕ್ಕಮ್ಮ. ಗಂಡಸರು ಎಂಜಿನ್ನು ಆರಿಸುವುದು ಎಷ್ಟೋ ಸಲ ಮದುವೆಗೆ ಜರಿಪೇಟ ಆರಿಸಿದ ಹಾಗೆ. ಅದರ ಭಾರ ಬೀಳುವುದು ಬೇರೆಯವರ ತಲೆಯ ಮೇಲೆ.

ನಾವು ಆರಿಸಿದ್ದು ಮಜ್ದಾ ಎಂಎಕ್ಸ್-5ರ 1.8 ಲೀಟರ್ ಎಂಜಿನ್ನು. ಈ ಪುಟ್ಟ ಜಪಾನೀ ಕಾರು 1989ರಲ್ಲಿ ಬಂದದ್ದು. ಇಂಗ್ಲಿಷರ ಹಳೆಯ ಹಗುರ ಕಾರುಗಳನ್ನು ಮೆಚ್ಚಿಯೇ ಮಾಡಿದ್ದು. ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೆ ಅದರ ಮೈ ಬಾಗಿಲ ಕೆಳಗೆ ತುಕ್ಕು ಹಿಡಿದು ಉದುರುತ್ತದೆ, ಎಂಜಿನ್ನು ಮಾತ್ರ ಗಟ್ಟಿಯಾಗಿರುತ್ತದೆ. ಅಂಥದೊಂದು ಮುದಿ ಕಾರನ್ನು ಇಡಿಯಾಗಿ ಕೊಂಡೆವು. ಇವರ ಭಾಷೆಯಲ್ಲಿ ಇದು 'ಡೋನರ್' ಕಾರು. ಕಣ್ಣು ದಾನ ಮಾಡಿದ ಹಾಗೆ ಇದು ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್, ಬ್ರೇಕು, ಸ್ಟಿಯರಿಂಗು, ವೈರಿಂಗುಗಳನ್ನೆಲ್ಲ ದಾನ ಮಾಡಿತು. ಹುಟ್ಟಿನಿಂದ ಒಟ್ಟಿಗೆ ಬಾಳಿದ ಭಾಗಗಳಾದ್ದರಿಂದ ಒಂದಕ್ಕೊಂದು ಜಗಳವಿಲ್ಲ. ಬೇಡದ ಸೀಟು, ಬಾಗಿಲು, ಹುಡ್ಡುಗಳನ್ನು ಮಾರಿದೆವು. ಬಾಳೆಯ ಗಿಡದಲ್ಲಿ ಎಲೆ, ಹೂವು, ದಿಂಡು ಯಾವುದನ್ನೂ ಬಿಸಾಡದ ಮನೆಯಲ್ಲಿ ಬೆಳೆದವಳಿಗೆ ಇದು ಹೊಸ ವಿದ್ಯೆಯೇನಲ್ಲ.

ಇದರ ಕೆಳಭಾಗ ಬೀಡುಕಬ್ಬಿಣದ್ದು, ಆದ್ದರಿಂದ ಇದೇ ಅತ್ಯಂತ ಹಗುರ ಎಂಜಿನ್ನು ಎಂದು ನಾನು ಹೇಳಲಾರೆ. ಆದರೆ ಸಂಕೋಚನದ ಒತ್ತಡ ಪರೀಕ್ಷಿಸಿ, ಹೊಸ ಬೆಲ್ಟು, ಹೊಸ ನೀರಿನ ಪಂಪು, ಎಣ್ಣೆಯ ತೊಟ್ಟಿಗೆ ತಡೆ ಹಾಕಿ ಕೂಡಿಸಿದ ಮೇಲೆ ಇದು ರಾತ್ರಿ ನಮ್ಮ ನಿದ್ದೆ ಕೆಡಿಸಿಲ್ಲ. ಉಳಿದ ಹಣದಲ್ಲಿ ತಲೆಯ ಮೇಲಿನ ಉಕ್ಕಿನ ಕಮಾನು, ಭುಜಕ್ಕೆ ಬಿಗಿಯುವ ಬೆಲ್ಟು, ಒಳ್ಳೆಯ ಟೈರು, ಬ್ರೇಕಿನ ಪ್ಯಾಡು, ಜೊತೆಗೆ ಟ್ರ್ಯಾಕಿನ ಗುರುವಿನಿಂದ ಎರಡು ದಿನದ ಪಾಠ.

ಸಣ್ಣ ಎಂಜಿನ್ನೆಂದು ಮೂಗು ಮುರಿಯುವವರಿಗೆ ಎರಡು ಸಂಗತಿ. ಹಳೆಯ ಲೋಟಸ್ ಸೆವೆನ್‌ಗಳಲ್ಲಿ ಕೆಲವಕ್ಕೆ ಹಾಕುತ್ತಿದ್ದ ಹೆಸರಾಂತ ಕಾವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್ನಿನ ಮೂಲ ಬೆಂಕಿ ಆರಿಸುವ ಪಂಪು! ಕೈಯಲ್ಲಿ ಹೊತ್ತು ಓಡುವಂತಿರಬೇಕೆಂದು ಅದನ್ನು ಹಗುರಾಗಿ ಮಾಡಿದ್ದರು. ಆ ಹಗುರತನವೇ ಅದನ್ನು ರೇಸಿಗೆ ಕರೆತಂದಿತು. ಎರಡನೆಯದು ನಮ್ಮ ಕಡೆಯದೇ. ಕೊಯಮತ್ತೂರಿನ ಕರಿವರ್ಧನ್ ಅವರು ರೂಪಿಸಿದ ಫಾರ್ಮುಲಾ ಮಾರುತಿ ರೇಸಿನ ಕಾರಿಗೆ ಇದ್ದದ್ದು ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ನೀವು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಅದೇ ಎಂಜಿನ್ನು. ಅಂಥ ಕಾರಿನಲ್ಲಿ ಪಳಗಿದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯನಾದ.

ಕಾರು ಮುಗಿಯಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಅದನ್ನು ಟ್ರೈಲರಿನ ಮೇಲೆ ಹೇರಿಕೊಂಡು ಲಿಂಕನ್‌ಶೈರಿನ ಕ್ಯಾಡ್ವೆಲ್ ಪಾರ್ಕಿಗೆ ಹೋದೆವು. ಏರು, ಇಳಿತ, ಇಕ್ಕಟ್ಟಿನ ತಿರುವುಗಳ ಟ್ರ್ಯಾಕು ಅದು. ಬೆಳಿಗ್ಗೆ ನಮ್ಮ ಪಕ್ಕದಲ್ಲೇ ದೊಡ್ಡ ಎಂಜಿನ್ನಿನ ಒಂದು ಕಿಟ್ ಕಾರು ನಿಂತಿತ್ತು, ಸುತ್ತ ಗಂಡಸರ ಗುಂಪು. ಹನ್ನೊಂದು ಗಂಟೆಯ ಹೊತ್ತಿಗೆ ಅದರ ಬ್ರೇಕು ಕೈಕೊಟ್ಟು ಅದು ಹುಲ್ಲಿನೊಳಗೆ ನುಗ್ಗಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಮ್ಮದು ನೀರು ಕುಡಿಯಲು ನಿಂತದ್ದು ಬಿಟ್ಟರೆ ಸಂಜೆಯವರೆಗೂ ಓಡಿತು. ನೇರ ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕಿದವರು ಇದ್ದರು. ತಿರುವು ಬಂದಾಗ ಮತ್ತೆ ಅವರ ಬಾಲಕ್ಕೇ ಅಂಟಿಕೊಳ್ಳುತ್ತಿದ್ದಳು ನನ್ನ ಮಗಳು. ಹೆಲ್ಮೆಟ್ ತೆಗೆದಾಗ ಅವಳ ಮುಖ ನೋಡಿದ ಯಜಮಾನರು, ವಿ-8ರ ಮಾತನ್ನು ಮತ್ತೆ ಎತ್ತಿಲ್ಲ.

ಓದುವ ನೀವು ಕಾರು ಕಟ್ಟಲಿಕ್ಕಿಲ್ಲ. ಆದರೆ ನಾಳೆ ನಿಮ್ಮ ಮನೆಗೆ ಮೋಟಾರು, ಸ್ಕೂಟರು, ಜನರೇಟರು ಯಾವುದೇ ಬರಲಿ, "ಇದೆಲ್ಲ ನಿಮಗೆ ತಿಳಿಯುವುದಲ್ಲ" ಎಂದು ಯಾರಾದರೂ ಹೇಳಿದರೆ ಸುಮ್ಮನೆ ಅಡುಗೆಮನೆಗೆ ಹೋಗಬೇಡಿ. ಎಷ್ಟು ತೂಕ, ಎಷ್ಟು ಮೇವು, ನಿಲ್ಲಿಸುವುದು ಹೇಗೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳಿ. ನಾಲ್ಕಕ್ಕೂ ಉತ್ತರ ಬಂದ ಮೇಲೆ ಎಷ್ಟು ಕುದುರೆ ಎಂದು ಕೇಳಬಹುದು.